ಬಣ್ಣದಡಿ ಅಡಗಿದ್ದ ಚೇತಕ್‌ನ ಬೆಳಕು

ಅಪ್ಪನ 1983ರ ಬಜಾಜ್ ಚೇತಕ್‌ಗೆ ಕಳೆದ ದೀಪಾವಳಿಗೆ ಹೊಸ ಬಣ್ಣ ಹೊಡೆಸಿದೆ. ‘ಈಗ ಶೋರೂಮಿಂದ ತಂದಂಗೈತಿ’ ಎಂದು ಓಣಿಯವರೆಲ್ಲ ಹೊಗಳಿದರು. ಅವತ್ತೇ ಸಂಜೆ ಹೆಡ್‌ಲೈಟು ಮಿಂಚುಹುಳದಷ್ಟು ಮಿಣುಕಿ ಸುಮ್ಮನಾಯಿತು. ಹಿಂದಿನ ದೀಪವೂ ಅಷ್ಟೇ. ಎಂಜಿನ್ ಮಾತ್ರ ಒಂದೇ ಕಿಕ್ಕಿಗೆ ಶುರು. ಗ್ಯಾರೇಜೊಂದರಲ್ಲಿ ‘ಕಾಯಿಲ್ ಸೆಟ್ಟೇ ಬದಲಿಸಬೇಕು’ ಎಂದು ಹೇಳಿದ ರೇಟು ನನ್ನ ಒಂದು ತಿಂಗಳ ವರದಿಗಾರಿಕೆಯ ದುಡಿಮೆ. ಹಾಗಾಗಿ ಮೊದಲು ಸಂತೆ ಬೀದಿಯ ಹಳೇ ಮೇಸ್ತ್ರಿಗೆ ತೋರಿಸಿದೆ. ಅವರು ಕಂಡುಹಿಡಿದದ್ದು ಅರ್ಥವಾಗಬೇಕಾದರೆ ಈ ಗಾಡಿಯ ಚರಿತ್ರೆ ಸ್ವಲ್ಪ ಗೊತ್ತಿರಬೇಕು.

ಚೇತಕ್‌ನ ಬೇರು ಇಟಲಿಯಲ್ಲಿದೆ. ಯುದ್ಧಕಾಲದಲ್ಲಿ ವಿಮಾನ ತಯಾರಿಸುತ್ತಿದ್ದ ಪಿಯಾಜಿಯೋ ಕಂಪನಿಯ ಪೊಂಟೆದೆರಾ ಕಾರ್ಖಾನೆ ಬಾಂಬ್ ದಾಳಿಗೆ ಹಾಳಾಗಿತ್ತು. ಯುದ್ಧ ಮುಗಿದ ಮೇಲೆ ಕೈಯಲ್ಲಿ ಕಾಸಿಲ್ಲದ ಜನರಿಗಾಗಿ ಅದೇ ಕಂಪನಿ 1946ರಲ್ಲಿ ವೆಸ್ಪಾ ಹೊರತಂದಿತು. ವಿನ್ಯಾಸಕಾರ ಕೊರಾದಿನೊ ದಾಸ್ಕಾನಿಯೊ ವಿಮಾನದ ಎಂಜಿನಿಯರ್. ಮೋಟರ್ ಸೈಕಲ್ಲಿನಂಥ ಪೈಪಿನ ಚೌಕಟ್ಟು ಬಿಟ್ಟು, ಉಕ್ಕಿನ ತಗಡಿನ ಬಾಡಿಯನ್ನೇ ಚೌಕಟ್ಟಾಗಿಸಿದರು. ವಿದ್ಯುತ್ತಿಗೂ ಸರಳ ದಾರಿ: ಎಂಜಿನ್ ಜೊತೆ ತಿರುಗುವ ಚಕ್ರದಲ್ಲಿ ಅಯಸ್ಕಾಂತ, ಅದರೊಳಗೆ ತಂತಿಯ ಕಾಯಿಲ್‌ಗಳು. ಒಂದು ಕಾಯಿಲ್ ಪ್ಲಗ್ಗಿನ ಕಿಡಿಗೆ, ಉಳಿದವು ದೀಪ, ಹಾರ್ನ್‌ಗೆ. ಸಾದಾ ಮಾದರಿಗಳಿಗೆ ಬ್ಯಾಟರಿಯೇ ಬೇಡ.

1960ರ ದಶಕದಲ್ಲಿ ಪಿಯಾಜಿಯೋ ಪರವಾನಗಿಯಡಿ ಬಜಾಜ್ ನಮ್ಮಲ್ಲಿ ವೆಸ್ಪಾ ತಯಾರಿಸಿತು. 1971ರಲ್ಲಿ ಆ ಪರವಾನಗಿ ಮುಗಿಯಿತು. 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಚೇತಕ್ ಬಂತು. ಉತ್ಪಾದನೆಗೆ ಸರ್ಕಾರದ ಮಿತಿ, ಕೊಳ್ಳುವವರ ಸಾಲು ಉದ್ದ. ಬುಕ್ ಮಾಡಿ ವರ್ಷಗಟ್ಟಲೆ ಕಾದವರ ಕಥೆ ಪ್ರತಿ ಊರಲ್ಲೂ ಇದೆ. ಹಾಗೆ ಕಾದು ಪಡೆದ ಗಾಡಿಯನ್ನು ಯಾರೂ ಗುಜರಿಗೆ ಹಾಕುತ್ತಿರಲಿಲ್ಲ, ರಿಪೇರಿ ಮಾಡಿಸುತ್ತಿದ್ದರು. ಮರದಡಿಯ ಮೆಕ್ಯಾನಿಕ್‌ಗಳು ಬೆಳೆದದ್ದು ಹೀಗೆ. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾಕ್ಕೆ ಬ್ಯಾಟರಿ ಬೇಕಿತ್ತು. ಚೇತಕ್ ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತರೂ ಚಾರ್ಜಿನ ಚಿಂತೆ ಇರಲಿಲ್ಲ.

ಆ ಸರಳತೆಗೆ ಬೆಲೆಯೂ ಇತ್ತು. ಎಂಜಿನ್ ನಿಧಾನವಾದರೆ ಬೆಳಕೂ ಇಳಿಯುತ್ತದೆ. ರಾತ್ರಿ ಹಂಪ್ ದಾಟುವಾಗ ಅಪ್ಪ ಕ್ಲಚ್ ಹಿಡಿದು ಸುಮ್ಮನೆ ಎಕ್ಸಲೇಟರ್ ತಿರುವುತ್ತಿದ್ದದ್ದು ಅದಕ್ಕೇ. ಹಳೆಯ 6 ವೋಲ್ಟ್ ವ್ಯವಸ್ಥೆಯಲ್ಲಿ ವೋಲ್ಟೇಜ್ ಹಿಡಿದಿಡುವ ರೆಗ್ಯುಲೇಟರ್ ಇಲ್ಲ, ಬಲ್ಬುಗಳೇ ಹಂಚಿಕೊಳ್ಳಬೇಕು. ಹಿಂದಿನ ಬಲ್ಬು ಹೋದರೆ ಮುಂದಿನದಕ್ಕೆ ವೋಲ್ಟೇಜ್ ಏರಿ ಅದೂ ಸುಡಬಹುದು. ಸಿಕ್ಕ ವ್ಯಾಟಿನ ಬಲ್ಬು ಹಾಕಬಾರದು ಎನ್ನುವುದು ಇದಕ್ಕೆ. ಇನ್ನೊಂದು ಲೆಕ್ಕ: 25 ವ್ಯಾಟ್ ಬಲ್ಬಿಗೆ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 4 ಬೇಕು. ಹಾಗಾಗಿ ಜಾಯಿಂಟಿನಲ್ಲಿ ಚೂರು ತುಕ್ಕಿದ್ದರೂ ದೀಪ ಮಂಕಾಗುತ್ತದೆ.

ಮೇಸ್ತ್ರಿ ಮೊದಲು ಬಲ್ಬು, ಹೋಲ್ಡರ್ ನೋಡಿದರು. ನಂತರ ಎಂಜಿನ್ ಪಕ್ಕದ ಜಂಕ್ಷನ್ ಬಾಕ್ಸಿನಲ್ಲಿ ಲೈಟಿನ ವೈರ್ ಬಿಡಿಸಿ, ಕಾಯಿಲ್ ಕಡೆಯ ತುದಿಗೆ ಬೇರೊಂದು ಬಲ್ಬು ಕಟ್ಟಿ, ಬಲ್ಬಿನ ಇನ್ನೊಂದು ತುದಿಯನ್ನು ಎಂಜಿನ್ ಲೋಹಕ್ಕೆ ಮುಟ್ಟಿಸಿ ಕಿಕ್ ಹೊಡೆದರು. ಬಲ್ಬು ಹೊತ್ತಿತು.

‘ಕಾಯಿಲ್ ಚೊಲೋ ಐತಿ ತಮ್ಮಾ. ಬಣ್ಣ ಅಡ್ಡ ಬಂದೈತಿ.’

ಚೇತಕ್‌ನ ದೀಪಕ್ಕೆ ಹೋಗುವುದು ವೈರಿನಲ್ಲಿ, ಮರಳುವುದು ಬಾಡಿಯ ತಗಡಿನಲ್ಲಿ. ಎಂಜಿನ್ ರಬ್ಬರ್ ಬುಷ್‌ಗಳ ಮೇಲೆ ಕೂತಿರುವುದರಿಂದ ಎರಡರ ನಡುವೆ ಒಂದು ಅರ್ಥಿಂಗ್ ವೈರ್ ಬೇಕು. ಬಣ್ಣ ಹೊಡೆಯುವಾಗ ಅದನ್ನು ಬಿಚ್ಚಿ, ಹೊಸ ಬಣ್ಣದ ಮೇಲೆಯೇ ಸ್ಕ್ರೂ ಬಿಗಿದಿದ್ದರು. ಬಣ್ಣದಲ್ಲಿ ಕರೆಂಟು ಹರಿಯದು. ಕಿಡಿಯ ವ್ಯವಹಾರ ಎಂಜಿನ್ ಬಳಿಯೇ ಮುಗಿಯುವುದರಿಂದ ಗಾಡಿ ಓಡುತ್ತಿತ್ತು.

ಎರಡು ರೂಪಾಯಿ ನಾಣ್ಯದಷ್ಟು ಜಾಗ ಎಮರಿ ಪೇಪರಿನಲ್ಲಿ ಉಜ್ಜಿ, ತಗಡು ಹೊಳೆದ ಮೇಲೆ ಸ್ಕ್ರೂ ಬಿಗಿದು ಮೇಲೆ ಗ್ರೀಸ್ ಸವರಿದರು. ದೀಪ ಹೊತ್ತಿತು. ಅವರು ಕೇಳಿದ್ದು 50 ರೂಪಾಯಿ.

ಈಗ ಹಳೇ ಸ್ಕೂಟರ್‌ಗಳಿಗೆ ಬಣ್ಣ ಹೊಡೆಸುವ ಹುಮ್ಮಸ್ಸು ನಮ್ಮ ತಾಲ್ಲೂಕುಗಳಲ್ಲೂ ಬಂದಿದೆ. ಗಾಡಿ ಕೊಡುವ ಮುಂಚೆ ಅರ್ಥಿಂಗ್ ಸ್ಕ್ರೂಗಳ ಜಾಗದ ಫೋಟೊ ತೆಗೆದಿಟ್ಟುಕೊಳ್ಳಿ, ಅಲ್ಲಿ ಬಣ್ಣ ಬೀಳದಂತೆ ಟೇಪ್ ಅಂಟಿಸಲು ಹೇಳಿ. ನಿಮ್ಮೂರಿನಲ್ಲೂ ಇಂಥ ಮೇಸ್ತ್ರಿ ಇದ್ದರೆ ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ನಮ್ಮ ಮೇಸ್ತ್ರಿಗೆ ಈಗ ಎಪ್ಪತ್ತು ದಾಟಿದೆ. ಅವರ ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗರು ಯಾರೂ ಇಲ್ಲ.