ಕಾಳು ಬಂತು, ಸುಣ್ಣದ ನೀರು ಬರಲಿಲ್ಲ



ನಿಡೋಣಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಆತನ ಮನೆಯಲ್ಲಿ ಮೆಕ್ಸಿಕೊ ಪದ್ಧತಿಯ ಮೀನಿನ ಟಾಕೊ ಮಾಡುವುದುಂಟಂತೆ. "ಗುರುಗಳೇ, ಇದು ನೋಡಲು ನಮ್ಮ ರೊಟ್ಟಿಯ ಹಾಗೆಯೇ ಇದೆ. ಇದಕ್ಕೂ ನಮಗೂ ಏನಾದರೂ ಸಂಬಂಧವಿದೆಯೇ?" ಎಂದು ಬರೆದು ಕೇಳಿದ್ದಾನೆ. ಮೀನಿನ ರುಚಿಯ ಬಗ್ಗೆ ಹೇಳುವ ಅಧಿಕಾರ ಶಾಕಾಹಾರಿಯಾದ ನನಗಿಲ್ಲ. ಆದರೆ ಸಂಬಂಧದ ಪ್ರಶ್ನೆ ಇತಿಹಾಸದ ಪ್ರಶ್ನೆ. ಅದಕ್ಕೆ ಉತ್ತರಿಸುವುದು ನನ್ನ ಕರ್ತವ್ಯ.

ಟಾಕೊ ಎಂದರೆ ಗೋವಿನಜೋಳದ ತೆಳುವಾದ ರೊಟ್ಟಿಯಲ್ಲಿ ಪಲ್ಯವನ್ನೋ ಮಾಂಸವನ್ನೋ ಮೀನನ್ನೋ ಇಟ್ಟು ಮಡಚಿ ತಿನ್ನುವ ಆಹಾರ. ಈ ರೊಟ್ಟಿಗೆ ಸ್ಪೇನಿನವರು ಟಾರ್ಟಿಲ್ಲಾ ಎಂದು ಹೆಸರಿಟ್ಟರು. ಅಜ್ಟೆಕರ ರಾಜಧಾನಿ ಟೆನೊಚ್ಟಿಟ್ಲಾನ್ ಒಂದು ಸರೋವರದ ನಡುವೆ ಇದ್ದ ನಗರ. ಅಲ್ಲಿಯವರು ಮೀನನ್ನು ಮೆಣಸಿನಕಾಯಿಯೊಡನೆ ಬೇಯಿಸಿ ಉಣ್ಣುತ್ತಿದ್ದುದನ್ನು ಸಹಾಗುನ್ ಎಂಬ ಪಾದ್ರಿ 16ನೆಯ ಶತಮಾನದಲ್ಲಿಯೇ ದಾಖಲಿಸಿದ್ದಾನೆ. ಕಾಳನ್ನು ಕಲ್ಲಿನ ಮೇಲೆ ಅರೆಯುವುದು, ಕೈಯಿಂದ ತಟ್ಟುವುದು, ಮಣ್ಣಿನ ಹಂಚಿನ ಮೇಲೆ ಬೇಯಿಸುವುದು, ಇವೆಲ್ಲ ನಮ್ಮ ಅಡುಗೆಮನೆಯ ದೃಶ್ಯಗಳೇ ಅಲ್ಲವೇ?

ಆ ದೇಶದ ಬೆಳೆಗಳು ನಮ್ಮಲ್ಲಿಗೆ ಬಂದ ದಾರಿಯೂ ನಮಗೆ ಅಪರಿಚಿತವಾದುದಲ್ಲ. ಗೋವೆ ಬಿಜಾಪುರದ ಆದಿಲಶಾಹಿಗಳ ಬಂದರಾಗಿತ್ತು. 1510ರ ನವೆಂಬರ್ 25ರಂದು ಪೋರ್ಚುಗೀಸರ ಅಲ್ಬುಕರ್ಕ್ ಅದನ್ನು ಪೂರ್ತಿಯಾಗಿ ವಶಪಡಿಸಿಕೊಂಡ. ರಾಜಕೀಯವಾಗಿ ಬಿಜಾಪುರಕ್ಕೆ ಅದು ದೊಡ್ಡ ನಷ್ಟ. ಆದರೆ ಅದೇ ಬಾಗಿಲಿನಿಂದ ಅಮೆರಿಕ ಖಂಡಗಳ ಗಿಡಗಳು ಒಳನಾಡಿಗೆ ಬಂದವು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಬಿಜಾಪುರದಿಂದ ಹಿಂದಿರುಗುವಾಗ ತಂಬಾಕನ್ನು ಒಯ್ದು ಬಾದಶಹನಿಗೆ ಒಪ್ಪಿಸಿದನು. ಅಮೆರಿಕದ ಸೊಪ್ಪು ಆಗ್ರಾ ದರಬಾರನ್ನು ತಲುಪಿದ್ದು ನಮ್ಮೂರಿನ ಹಾದಿಯಲ್ಲಿ!

ಈಗ ನಿಮ್ಮ ಊಟದ ತಾಟನ್ನೇ ನೋಡಿರಿ. ನಮ್ಮದೇ ಎಂದು ಎದೆತಟ್ಟಿ ಹೇಳುವ ಶೇಂಗಾ ಚಟ್ನಿಯಲ್ಲಿ ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿ ಮೆಕ್ಸಿಕೊದ್ದು. ಟೊಮೇಟೊ, ಸಪೋಟ ಎಂಬ ಹೆಸರುಗಳ ಮೂಲ ಅಜ್ಟೆಕರ ನಹುವಾತ್ಲ್ ಭಾಷೆ. ಇನ್ನು ನಮ್ಮ ಬಿಳಿಜೋಳ? ಅದರ ತವರು ಆಫ್ರಿಕ. ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂದು ನಮ್ಮದಾಯಿತು. ಋಣ ಒಂದೇ ಕಡೆಯದಲ್ಲ. ಟಾಕೊದ ಮೇಲೆ ಹಿಂಡುವ ನಿಂಬೆ ಏಷ್ಯಾದಿಂದ ಹೋದದ್ದು. ಅದರ ಬಂಧುಗಳು ಇಂದಿಗೂ ನಮ್ಮ ಇಂಡಿಯ ತೋಟಗಳಲ್ಲಿ ತೂಗುತ್ತಿವೆ. ಅದರೊಳಗಿನ ಉಳ್ಳಾಗಡ್ಡಿ, ಕೊತ್ತಂಬರಿ, ಕೋಬೀಜುಗಳೂ ಸಮುದ್ರ ದಾಟಿ ಅಲ್ಲಿಗೆ ಹೋದವುಗಳೇ.

ಹಾಗಾದರೆ ಒಂದು ಆಹಾರ 'ನಮ್ಮದು' ಆಗುವುದು ಯಾವಾಗ? ಬೀಜ ಬಂದ ಮಾತ್ರಕ್ಕೆ ಅಲ್ಲ, ಅದನ್ನು ಉಣ್ಣುವ ತಿಳಿವಳಿಕೆ ಜೊತೆಗೂಡಿದಾಗ. ಇದಕ್ಕೆ ಗೋವಿನಜೋಳದ ಕಥೆಯೇ ದೊಡ್ಡ ಸಾಕ್ಷಿ.

ಮೆಕ್ಸಿಕೊದ ಹೆಣ್ಣುಮಕ್ಕಳು ಗೋವಿನಜೋಳವನ್ನು ಹಾಗೆಯೇ ಬೀಸುತ್ತಿರಲಿಲ್ಲ. ಸುಣ್ಣದ ಅಥವಾ ಬೂದಿಯ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಯಿಟ್ಟು, ತೊಳೆದು ಅರೆಯುತ್ತಿದ್ದರು. ಇದರಿಂದ ಸಿಪ್ಪೆ ಸುಲಿಯುತ್ತದೆ, ಹಿಟ್ಟಿಗೆ ಜಿಗುಟು ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಳಿನಲ್ಲಿ ಬಂಧಿತವಾಗಿರುವ ನಯಾಸಿನ್ ಎಂಬ ಜೀವಸತ್ವ ಬಿಡುಗಡೆಯಾಗಿ ದೇಹಕ್ಕೆ ದಕ್ಕುತ್ತದೆ. ಯುರೋಪಿನವರು ಕಾಳನ್ನು ಒಯ್ದರು, ಸುಣ್ಣದ ನೀರಿನ ವಿದ್ಯೆಯನ್ನು ಒಯ್ಯಲಿಲ್ಲ. ಅದನ್ನೇ ಅಂಬಲಿ ಮಾಡಿ ಮೂರು ಹೊತ್ತೂ ಉಂಡ ಬಡವರ ಚರ್ಮ ಬಿರಿಯಿತು, ಹೊಟ್ಟೆ ಕೆಟ್ಟಿತು, ಬುದ್ಧಿ ಭ್ರಮಿಸಿತು. ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ 1735ರಲ್ಲಿ ಈ ರೋಗವನ್ನು ಗುರುತಿಸಿದ. ಇಟಲಿಯಲ್ಲಿ 1771ರಲ್ಲಿ ಅದಕ್ಕೆ 'ಪೆಲಾಗ್ರಾ', ಅಂದರೆ ಒರಟು ಚರ್ಮ, ಎಂಬ ಹೆಸರಾಯಿತು. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಲಕ್ಷಾಂತರ ಜನ ಇದರಿಂದ ನರಳಿದರು. ಇದು ಸೋಂಕಲ್ಲ, ಆಹಾರದ ಕೊರತೆ ಎಂದು 1914ರಿಂದ ಹೋರಾಡಿ ತೋರಿಸಿದವರು ಡಾ. ಜೋಸೆಫ್ ಗೋಲ್ಡ್‌ಬರ್ಗರ್. ನಯಾಸಿನ್ ಇದಕ್ಕೆ ಮದ್ದೆಂದು ತಿಳಿಯಲು 1937 ಬರಬೇಕಾಯಿತು. ಅಕ್ಷರವರಿಯದ ಅಜ್ಜಿಯರ ಒಂದು ಹಿಡಿ ಸುಣ್ಣ ಎಷ್ಟು ಜೀವಗಳನ್ನು ಕಾಯುತ್ತಿತ್ತು ಎಂಬುದನ್ನು ಯೋಚಿಸಿರಿ.

ಇದು ಪರದೇಶದವರ ಕಥೆ ಎಂದು ನಾವು ಬೀಗುವಂತಿಲ್ಲ. ದಖ್ಖನ್ನಿನ ಬಡ ಕೂಲಿಕಾರರಲ್ಲಿ, ಬಿಳಿಜೋಳವನ್ನೇ ನಂಬಿದವರಲ್ಲಿ, ಇದೇ ಪೆಲಾಗ್ರಾ ಕಾಣಿಸಿಕೊಂಡುದನ್ನು ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಲೋಕದ ಮುಂದಿಟ್ಟರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ ಇದಕ್ಕೆ ಕಾರಣವಿರಬಹುದೆಂದು ಅವರು ಸೂಚಿಸಿದರು; ಆ ವಾದದ ಬಗ್ಗೆ ಮುಂದೆ ಬಹಳ ಚರ್ಚೆ ನಡೆಯಿತು. ಆದರೆ ಒಂದು ಮಾತು ಸ್ಪಷ್ಟ: ಬರಿಯ ರೊಟ್ಟಿ ಊಟವಲ್ಲ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಸೀಮೆ ನಮ್ಮದು. ಜೋಳ ಓಣಿ ತುಂಬಿದರೂ ಅದರ ಪಕ್ಕದಲ್ಲಿ ಕಾಳುಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಇರಬೇಕು. ಇದ್ದವರು ಉಳಿದರು, ಇಲ್ಲದ ಬಡವರು ಸವೆದರು. ಪಲ್ಯ, ಹಿಂಡಿಗಳು ನಮ್ಮ ಸುಣ್ಣದ ನೀರು.

ಮನೆಯಲ್ಲಿ ಮಾಡಿ ನೋಡುವವರಿಗೆ ಎರಡು ಮಾತು. 1 ಕಿಲೊ ಒಣ ಗೋವಿನಜೋಳಕ್ಕೆ ಸುಮಾರು 10 ಗ್ರಾಂ ಸುಣ್ಣ, 3 ಲೀಟರ್ ನೀರು. ತಿನ್ನಲು ಯೋಗ್ಯವಾದ ಸುಣ್ಣವೇ ಆಗಬೇಕು. ಗೋಡೆಗೆ ಬಳಿಯುವುದು ಸಲ್ಲದು. ಮುಕ್ಕಾಲು ತಾಸು ಕುದಿಸಿ, ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಮೂರು ಸಲ ಉಜ್ಜಿ ತೊಳೆದು ಅರೆಯಿರಿ. ಅಂಗೈಯಗಲ ತಟ್ಟಿ ಕಾದ ಹಂಚಿನ ಮೇಲೆ ಬೇಯಿಸಿರಿ. ಮೀನು ತಿನ್ನುವವರು ಕಾರವಾರದ ಸಮುದ್ರದ್ದೋ ನಮ್ಮ ಕೃಷ್ಣೆಯದೋ ಮುಳ್ಳು ತೆಗೆದ ತುಂಡುಗಳಿಗೆ ಖಾರ, ಉಪ್ಪು, ನಿಂಬೆರಸ ಹಚ್ಚಿ ಕರಿದು, ಹೆಚ್ಚಿದ ಕೋಬೀಜು, ಉಳ್ಳಾಗಡ್ಡಿ, ಟೊಮೇಟೊ ಹಾಗೂ ಗಟ್ಟಿ ಮೊಸರಿನೊಡನೆ ಮಡಚಿದರಾಯಿತು. ಮೀನು ತಿನ್ನದವರಿಗೆ ಹೆಸರುಕಾಳು ಪಲ್ಯವಿದೆ. ಎಸರು ಹಾಕಿ ನಾದಿದ ಜೋಳದ ಬಿಸಿರೊಟ್ಟಿಯನ್ನೂ ಹೀಗೆಯೇ ಮಡಚಬಹುದು. ಅಂಟಿಲ್ಲದ ಹಿಟ್ಟನ್ನು ಅವರು ಸುಣ್ಣದಿಂದ ಪಳಗಿಸಿದರು, ನಾವು ಕುದಿನೀರಿನಿಂದ.

ಭಾರತದ ಸಲಹೆಯಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಈಗ ಜೋಳದ ಹಿಟ್ಟಿನ ಚೀಲ ಪರದೇಶದ ಅಂಗಡಿಯಲ್ಲೂ ದೊರೆಯುತ್ತದೆ. ಮಕ್ಕಳೇ, ನೀವು ಎಲ್ಲಿಯೇ ಇರಿ, ಚೀಲವನ್ನಷ್ಟೇ ಕೊಂಡೊಯ್ಯಬೇಡಿರಿ. ರೊಟ್ಟಿಯ ಜೊತೆ ಏನು ಉಣ್ಣಬೇಕೆಂಬುದನ್ನು ನಿಮ್ಮ ತಾಯಂದಿರಿಂದ ಕೇಳಿ ಬರೆದಿಟ್ಟುಕೊಳ್ಳಿರಿ. ಆ ಮಾತನ್ನು ಯಾವ ಚೀಲದ ಮೇಲೂ ಅಚ್ಚು ಹಾಕಿರುವುದಿಲ್ಲ.