ಜೊಂಡಿನ ಕೆರೆಗೆ ಗಾಳ

ಗಾಳದ ಹವ್ಯಾಸ ಬಿಳಿಯ ಸಾಹೇಬರು ತಂದದ್ದೆಂದು ನಮ್ಮಲ್ಲಿ ಹಲವರ ನಂಬಿಕೆ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲೇ 'ಮಾನಸೋಲ್ಲಾಸ'ದ ಒಂದು ಭಾಗವನ್ನು ಮತ್ಸ್ಯವಿನೋದಕ್ಕೆ ಮೀಸಲಿಟ್ಟು ಗಾಳ, ದಾರ, ಕೋಲು, ಎರೆಗಳನ್ನು ವಿವರಿಸಿದ್ದಾನೆ.

ಮುಂದೆ, ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, ಅಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸರ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಕೆರೆಗಳ ಮೀನು ಬೇಟೆಗೆಂದೇ ಅವರು ಬರೆದ 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ' 1887ರಲ್ಲಿ ಬಂದಿತು.

ಜೊಂಡು ಬೆಳೆದ ಕೆರೆಗಳ ಒಡೆಯನೆಂದರೆ ಮರೆಲ್, ತಮಿಳರ ವಿರಾಲ್ ಮೀನು. ಅದು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು. ಬೇಟೆಗಾರ ಆ ಗುರುತನ್ನು ಕಾದು, ಕಪ್ಪೆಯ ಎರೆಯನ್ನು ಎಲೆಗಳ ಮೇಲೆ ಕುಪ್ಪಳಿಸುವಂತೆ ಎಳೆಯುತ್ತಾನೆ. ಗಾಳದ ಮೊನೆ ಎರೆಯಲ್ಲಿ ಅಡಗಿರಬೇಕು. ಇಲ್ಲವಾದರೆ ಕಳೆಗೆ ಸಿಕ್ಕಿಕೊಳ್ಳುತ್ತದೆ. ಕಚ್ಚಿದ ಮೀನು ಜೊಂಡಿನೊಳಗೆ ನುಗ್ಗುವುದರಿಂದ ಕೋಲು ಗಡುಸಾಗಿಯೂ ದಾರ ಬಲವಾಗಿಯೂ ಇರಬೇಕು. ಮರಿಗಳ ಹಿಂಡನ್ನು ಕಾಯುತ್ತಿರುವ ಮೀನನ್ನು ಮಾತ್ರ ಹಿಡಿಯಬಾರದು. ಹಿಡಿದರೆ ಮರಿಗಳಿಗೆ ಕಾವಲಿಲ್ಲ.

ಈ ವಿದ್ಯೆಗೆಲ್ಲ ಮೊದಲು ಬೇಕಾದುದು ಕೆರೆ. ಮಾಂಬಳದ ಉದ್ದನೆಯ ಕೆರೆಯನ್ನು 20ನೆಯ ಶತಮಾನದಲ್ಲಿ ಬತ್ತಿಸಿ ಬಡಾವಣೆ ಮಾಡಲಾಯಿತು. ಪಶ್ಚಿಮ ಮಾಂಬಳದ ಲೇಕ್ ವ್ಯೂ ರಸ್ತೆಯಲ್ಲಿ ನಿಂತರೆ ಇಂದು ಕೆರೆ ಕಾಣದು. 2015ರ ಡಿಸೆಂಬರಿನ ಮಹಾಮಳೆಯಲ್ಲಿ ಅಲ್ಲಿನ ಬೀದಿಗಳಿಗೆ ನೀರು ನುಗ್ಗಿದಾಗ ಹಳೆಯ ಕೆರೆಯ ನೆನಪಾಗದಿರಲಿಲ್ಲ. ಚೆನ್ನೈಯನ್ನು ಮನೆ ಮಾಡಿಕೊಂಡ ನಾವು ಉಳಿದಿರುವ ಕೆರೆಗಳನ್ನಾದರೂ ನಮ್ಮ ಮಕ್ಕಳಿಗೆ ತೋರಿಸಿ, ಅವುಗಳ ಉಳಿವಿಗೆ ದನಿಗೂಡಿಸಬೇಕು.