ಒಂದೇ ಮನೆಯ ಎರಡು ಬೆಕ್ಕು: ಆಟವೋ ಜಗಳವೋ, ತಿಳಿಯುವುದು ಹೇಗೆ?

ಒಂದು ಬೆಕ್ಕು ಇನ್ನೊಂದರ ಕೆನ್ನೆಗೆ ಪಟಪಟ ಬಾರಿಸುವ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಕೆಳಗೆ ‘ಅಣ್ಣ-ತಮ್ಮನ ಜಗಳ’ ಎಂಬಂಥ ಒಂದು ಸಾಲು, ಹಿಂದೆ ಒಂದು ಸಿನಿಮಾ ಹಾಡು. ಇನ್ನೊಂದು ವಿಡಿಯೊದಲ್ಲಿ ಒಂದು ಬೆಕ್ಕು ಮತ್ತೊಂದರ ತಲೆ ನೆಕ್ಕುತ್ತಿರುತ್ತದೆ. ಅದಕ್ಕೆ ‘ನಿಜವಾದ ಪ್ರೀತಿ’ ಎಂಬ ಹೆಸರು. ಮೂರನೆಯದರಲ್ಲಿ ಒಂದು ಬೆಕ್ಕು ಬಾಗಿಲಿಗೆ ಅಡ್ಡ ಮಲಗಿರುತ್ತದೆ, ಇನ್ನೊಂದು ದಾಟಲಾಗದೆ ನಿಂತಿರುತ್ತದೆ. ‘ಟೋಲ್ ಕಟ್ಟಿ ಮುಂದೆ ಹೋಗು’ ಎಂದು ಯಾರೋ ಬರೆದಿರುತ್ತಾರೆ. ನಾವು ನಗುತ್ತೇವೆ, ನಾಲ್ಕು ಗುಂಪುಗಳಿಗೆ ಕಳಿಸುತ್ತೇವೆ.

ಇವುಗಳಲ್ಲಿ ಕೆಲವು ನಿಜಕ್ಕೂ ತಮಾಷೆಯೇ. ಕೆಲವು ಅಲ್ಲ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆ ಎರಡು ಬೆಕ್ಕುಗಳ ನಡುವೆಯೂ ನಿಜವಾಗಬಹುದು. ಯಾವುದು ಚೆಲ್ಲಾಟ, ಯಾವುದು ಸಂಕಟ ಎಂದು ಗುರುತಿಸಲು ಸಂಶೋಧನೆ ಏನು ಹೇಳುತ್ತದೆ ಎಂಬುದನ್ನು ನಾವಿಲ್ಲಿ ನೋಡೋಣ.

ಚುಟುಕಾಗಿ:

• ಸದ್ದಿಲ್ಲದೆ ಹೊರಳಾಡುತ್ತಾ ಕುಸ್ತಿ ಮಾಡುವುದು ಹೆಚ್ಚಾಗಿ ಆಟ. ಕಿರುಚಾಟ ಮತ್ತು ಒಂದೇ ಬೆಕ್ಕು ಸದಾ ಅಟ್ಟಿಸಿಕೊಂಡು ಹೋಗುವುದು ಹೆಚ್ಚಾಗಿ ಜಗಳ.
• ನೆಕ್ಕುವುದೆಲ್ಲ ಪ್ರೀತಿಯಲ್ಲ, ಸುಮ್ಮನಿರುವುದೆಲ್ಲ ನೆಮ್ಮದಿಯಲ್ಲ.
• ‘ತಾವೇ ಕಚ್ಚಾಡಿ ಸರಿಹೋಗುತ್ತವೆ’ ಎಂಬ ಸಲಹೆ ತಪ್ಪು.
• ಗಂಡುಬೆಕ್ಕು ಮೂತ್ರಕ್ಕೆ ಮತ್ತೆ ಮತ್ತೆ ಕುಳಿತರೂ ಮೂತ್ರ ಬರದಿದ್ದರೆ ಅದು ಪ್ರಾಣಾಪಾಯ. ಅಂದೇ ಪಶುವೈದ್ಯರ ಬಳಿ ಹೋಗಬೇಕು.

ಬೆಕ್ಕು ಒಂಟಿ ಪ್ರಾಣಿಯೇ?

ಅರ್ಧ ನಿಜ. ನಮ್ಮ ಮನೆಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ, ತನ್ನದೇ ಸರಹದ್ದು ಕಾಯುವ ಪ್ರಾಣಿ. ಮನುಷ್ಯ ಧಾನ್ಯ ಕೂಡಿಡಲು ಶುರು ಮಾಡಿದ ಮೇಲೆ ಇಲಿಗಳು ಬಂದವು, ಇಲಿಗಳ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಸಮಾಧಿಯ ಪಕ್ಕದಲ್ಲೇ ಒಂದು ಬೆಕ್ಕನ್ನೂ ಹೂತಿದ್ದರು ಎಂದು 2004ರಲ್ಲಿ ಪುರಾತತ್ವ ತಜ್ಞರು ವರದಿ ಮಾಡಿದರು.

ಆಹಾರ ಸಾಕಷ್ಟು ಸಿಗುವ ಕಡೆ ಬೆಕ್ಕುಗಳು ಗುಂಪಾಗಿಯೂ ಬದುಕುತ್ತವೆ. ಮೀನು ಮಾರುಕಟ್ಟೆ, ಬಂದರು, ಹೊಲಮನೆಗಳಲ್ಲಿ ಇದನ್ನು ಕಾಣಬಹುದು. ಇಂಥ ಗುಂಪಿನ ತಿರುಳು ಸಾಮಾನ್ಯವಾಗಿ ತಾಯಿ, ಮಗಳು, ಅಕ್ಕ-ತಂಗಿ ಬೆಕ್ಕುಗಳು. ಒಂದರ ಮರಿಗೆ ಇನ್ನೊಂದು ಹಾಲೂಡಿಸುವುದೂ ಉಂಟು. ಅಂದರೆ ಬೆಕ್ಕಿಗೆ ಸ್ನೇಹ ಗೊತ್ತು. ಆದರೆ ಜೊತೆಗಾರರನ್ನು ತಾನೇ ಆರಿಸಿಕೊಳ್ಳುತ್ತದೆ, ಇಷ್ಟವಿಲ್ಲದಿದ್ದರೆ ದೂರ ಹೋಗುತ್ತದೆ. ಎರಡು ಕೋಣೆಯ ಮನೆಯಲ್ಲಿ ಇರುವ ತೊಡಕು ಇದೇ: ಜೊತೆಗಾರರನ್ನು ಆರಿಸುವುದು ನಾವು, ದೂರ ಹೋಗಲು ಜಾಗವಿಲ್ಲ.

ಆಟ ಯಾವುದು, ಜಗಳ ಯಾವುದು?

ಸ್ಲೊವಾಕಿಯಾ ಮತ್ತು ಬ್ರಿಟನ್ ಸಂಶೋಧಕರು ಇದೇ ಪ್ರಶ್ನೆ ಹಿಡಿದು ಎರಡೆರಡು ಬೆಕ್ಕುಗಳಿರುವ 105 ವಿಡಿಯೊಗಳನ್ನು, ಅಂದರೆ 210 ಬೆಕ್ಕುಗಳನ್ನು, ಕ್ಷಣ ಕ್ಷಣಕ್ಕೂ ಗಮನಿಸಿದರು. ಅಧ್ಯಯನ 2023ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಕ್ಕುಗಳ ವರ್ತನೆ ಎರಡಲ್ಲ, ಮೂರು ಗುಂಪಾಗಿ ಬಿತ್ತು: ಆಟ, ಜಗಳ ಮತ್ತು ಎರಡರ ನಡುವಿನದು.

ಪರಸ್ಪರ ಹಿಡಿದು ಹೊರಳಾಡುವ ಕುಸ್ತಿ ಆಟದ ಗುಂಪಿನಲ್ಲಿ ಎದ್ದು ಕಂಡಿತು. ಸದ್ದು ಮಾಡುವುದು ಮತ್ತು ಅಟ್ಟಿಸಿಕೊಂಡು ಹೋಗುವುದು ಜಗಳದ ಗುಂಪಿನಲ್ಲಿ ಹೆಚ್ಚಿತ್ತು. ನಡುವಿನ ಗುಂಪಿನಲ್ಲಿ ಎರಡರ ಲಕ್ಷಣವೂ ಬೆರೆತಿತ್ತು. ಆಟವಾಗಿ ಶುರುವಾದದ್ದು ಒಂದಕ್ಕೆ ಸಾಕಾಗಿ, ಇನ್ನೊಂದಕ್ಕೆ ಸಾಕಾಗದೆ ಬಿಸಿಯೇರುವ ಹೊತ್ತು ಇದಾಗಿರಬಹುದು.

ಮನೆಯಲ್ಲಿ ಗಮನಿಸಬೇಕಾದದ್ದು ಇಷ್ಟು. ಆಟದಲ್ಲಿ ಸರದಿ ಬದಲಾಗುತ್ತದೆ: ಈಗ ಇದು ಮೇಲೆ, ಆಮೇಲೆ ಅದು ಮೇಲೆ. ಉಗುರು ಒಳಗಿರುತ್ತದೆ, ಕಚ್ಚಿದರೂ ಗಾಯವಾಗುವುದಿಲ್ಲ, ನಡುನಡುವೆ ನಿಂತು ಮತ್ತೆ ಶುರು ಮಾಡುತ್ತವೆ. ಜಗಳದಲ್ಲಿ ಕಿವಿ ಹಿಂದಕ್ಕೆ ಚಪ್ಪಟೆಯಾಗುತ್ತದೆ, ಬಾಲದ ಕೂದಲು ನಿಮಿರಿ ಬಾಟಲಿ ತೊಳೆಯುವ ಬ್ರಷ್‌ನಂತಾಗುತ್ತದೆ, ಬುಸ್ಸೆನ್ನುವುದು, ಕಿರುಚುವುದು ಕೇಳಿಸುತ್ತದೆ. ಎಲ್ಲಕ್ಕಿಂತ ಸುಲಭವಾದ ಗುರುತು ಮುಗಿದ ಮೇಲೆ ಸಿಗುತ್ತದೆ. ಎರಡೂ ಅಲ್ಲೇ ಕುಳಿತು ಮೈ ನೆಕ್ಕಿಕೊಂಡರೆ ಅದು ಆಟ. ಒಂದು ಮಂಚದ ಕೆಳಗೆ ಹೋಗಿ ಗಂಟೆಗಟ್ಟಲೆ ಹೊರಬರದಿದ್ದರೆ ಅದು ಆಟವಾಗಿರಲಿಲ್ಲ.

ನೆಕ್ಕುವುದು ಪ್ರೀತಿಯೇ?

ಬಹಳ ಸಲ ಹೌದು. ಜೊತೆಗೆ ಬೆಳೆದ, ಒಡಹುಟ್ಟಿದ ಬೆಕ್ಕುಗಳು ಒಂದನ್ನೊಂದು ಹೆಚ್ಚು ನೆಕ್ಕುತ್ತವೆ, ಹೆಚ್ಚು ಹತ್ತಿರ ಮಲಗುತ್ತವೆ. ಆದರೆ ನೆದರ್‌ಲೆಂಡ್ಸ್‌ನ ಸಂಶೋಧಕ ರೂಡ್ ವಾನ್ ಡೆನ್ ಬಾಸ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖವನ್ನೂ ತೋರಿಸಿತು. ಕೂಡಿಟ್ಟ ಬೆಕ್ಕುಗಳ ಗುಂಪಿನಲ್ಲಿ ಮೇಲುಗೈ ಇದ್ದ ಬೆಕ್ಕುಗಳೇ ಉಳಿದವನ್ನು ಹೆಚ್ಚು ನೆಕ್ಕುತ್ತಿದ್ದವು. ನೆಕ್ಕುವ ಬೆಕ್ಕು ಹೆಚ್ಚಾಗಿ ಎತ್ತರದ ಭಂಗಿಯಲ್ಲಿರುತ್ತಿತ್ತು, ಕೆಲವೊಮ್ಮೆ ನೆಕ್ಕಿ ಮುಗಿಸಿ ಅದೇ ಬೆಕ್ಕಿಗೆ ಹೊಡೆಯುತ್ತಿತ್ತು. ಜಗಳಕ್ಕೆ ಇಳಿಯದೆ ಬಿಗುವನ್ನು ತಣಿಸಿಕೊಳ್ಳುವ ದಾರಿ ಇದಾಗಿರಬಹುದು ಎಂದು ಅವರು ಅರ್ಥೈಸಿದರು.

‘ಈಗ ತಾನೇ ನೆಕ್ಕುತ್ತಿತ್ತು, ಇದ್ದಕ್ಕಿದ್ದ ಹಾಗೆ ಕಚ್ಚಿತು’ ಎಂದು ಬೆಕ್ಕು ಸಾಕಿದವರು ಹೇಳುವುದರ ಹಿಂದೆ ಈ ಕಾರಣವೂ ಇರಬಹುದು.

ಒಂದೇ ಜಾಗ, ಬೇರೆ ಬೇರೆ ಹೊತ್ತು

ಬೆಳಗ್ಗೆ ಕಿಟಕಿಯ ಬಿಸಿಲು ಒಂದು ಬೆಕ್ಕಿಗೆ, ಮಧ್ಯಾಹ್ನ ಅದೇ ಕಿಟಕಿ ಇನ್ನೊಂದಕ್ಕೆ. ಎರಡು ಬೆಕ್ಕಿರುವ ಮನೆಗಳಲ್ಲಿ ಇಂಥ ‘ಟೈಂಟೇಬಲ್’ ಸಾಮಾನ್ಯ. ಅಮೆರಿಕದ ಇಬ್ಬರು ಸಂಶೋಧಕಿಯರು ಒಂದೇ ಮನೆಯ 14 ಬೆಕ್ಕುಗಳನ್ನು ಗಮನಿಸಿ 1996ರಲ್ಲಿ ವರದಿ ಬರೆದರು. ಅಷ್ಟು ಬೆಕ್ಕುಗಳಿದ್ದರೂ ಹೊಡೆದಾಟ ಕಡಿಮೆ. ಪ್ರತಿಯೊಂದಕ್ಕೂ ಅದರದ್ದೇ ಮೆಚ್ಚಿನ ಜಾಗಗಳಿದ್ದವು, ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಹಂಚಿಕೊಳ್ಳುತ್ತಿದ್ದವು. ತಬ್ಬಿ ಮಲಗದಿದ್ದರೆ ಹೊಂದಾಣಿಕೆಯಿಲ್ಲ ಎಂದು ನಾವು ಅಂದುಕೊಳ್ಳಬೇಕಿಲ್ಲ. ಎದುರಾಗದೆ ಬದುಕುವುದೂ ಬೆಕ್ಕಿನ ಹೊಂದಾಣಿಕೆಯೇ.

ಹಾಗೆಂದು ಒಂದಕ್ಕೊಂದು ಅಪರಿಚಿತವೂ ಅಲ್ಲ. 2022ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಬೆಕ್ಕಿಗೆ ಜೊತೆಗಾರ ಬೆಕ್ಕಿನ ಹೆಸರು ಕೇಳಿಸಿ, ಪರದೆಯ ಮೇಲೆ ಬೇರೆ ಬೆಕ್ಕಿನ ಮುಖ ತೋರಿಸಿದರು. ಮನೆಯಲ್ಲಿ ಸಾಕಿದ ಬೆಕ್ಕುಗಳು ಹೆಸರು, ಮುಖ ತಾಳೆಯಾಗದಾಗ ಪರದೆಯನ್ನು ಹೆಚ್ಚು ಹೊತ್ತು ನೋಡಿದವು. ನೀವು ಒಂದನ್ನು ಕರೆದಾಗ ಯಾರನ್ನು ಕರೆದಿರಿ ಎಂಬುದು ಇನ್ನೊಂದಕ್ಕೂ ತಿಳಿಯುತ್ತದೆ ಎಂಬ ಸುಳಿವು ಇದು.

ಆಸ್ಪತ್ರೆಯಿಂದ ಬಂದ ಜೊತೆಗಾರನಿಗೇ ಬುಸ್ಸೆನ್ನುವುದೇಕೆ?

ವರ್ಷಗಟ್ಟಲೆ ಜೊತೆಗಿದ್ದ ಬೆಕ್ಕು ಪಶು ಆಸ್ಪತ್ರೆಗೆ ಹೋಗಿ ಬಂದ ದಿನ ಮನೆಯಲ್ಲಿದ್ದ ಬೆಕ್ಕು ಅದನ್ನು ಕಂಡು ಬುಸುಗುಟ್ಟುತ್ತದೆ. ‘ಕೆಟ್ಟ ಗಾಳಿ ಸೋಕಿದೆ’ ಎನ್ನುವವರೂ ಇದ್ದಾರೆ. ಕಾರಣ ವಾಸನೆ. ಬೆಕ್ಕಿನ ಕೆನ್ನೆ, ಹಣೆ, ಪಾದ, ಬಾಲದ ಬುಡದಲ್ಲಿ ವಾಸನೆಯ ಗ್ರಂಥಿಗಳಿವೆ. ಒಂದಕ್ಕೊಂದು ಮೈ ಉಜ್ಜಿ ‘ನಮ್ಮ ಮನೆಯ ವಾಸನೆ’ ಎಂಬುದೊಂದನ್ನು ಕಟ್ಟಿಕೊಂಡಿರುತ್ತವೆ. ಔಷಧಿ, ಸ್ಪಿರಿಟ್, ಬೇರೆ ಪ್ರಾಣಿಗಳ ವಾಸನೆ ಮೆತ್ತಿಕೊಂಡು ಬಂದದ್ದು ಆ ಕ್ಷಣಕ್ಕೆ ಅಪರಿಚಿತ. ಬಂದ ಬೆಕ್ಕನ್ನು ಕೆಲವು ಗಂಟೆ, ಬೇಕಾದರೆ ಒಂದು ದಿನ, ಬೇರೆ ಕೋಣೆಯಲ್ಲಿರಿಸಿ, ಅದರ ಹಳೆಯ ಬಟ್ಟೆಯ ಮೇಲೆ ಮಲಗಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ.

‘ಬೆಕ್ಕು ಅತ್ತರೆ ಮನೆಗೆ ಕೇಡು’ ಎಂಬ ಹಳೆಯ ನಂಬಿಕೆಯೂ ಹೀಗೆಯೇ. ರಾತ್ರಿ ಮಗು ಅತ್ತಂತೆ ಕೇಳುವ ಕೂಗು ಬೆದೆಗೆ ಬಂದ ಹೆಣ್ಣುಬೆಕ್ಕಿನದೋ ಸರಹದ್ದಿಗೆ ಕಾದಾಡುವ ಗಂಡುಬೆಕ್ಕುಗಳದೋ ಆಗಿರುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಕೂಗಾಟ, ಕಾದಾಟ, ಗೋಡೆಗೆ ಮೂತ್ರ ಸಿಂಪಡಿಸುವುದು ಮೂರೂ ಕಡಿಮೆಯಾಗುತ್ತವೆ.

ಸದ್ದಿಲ್ಲದ ಜಗಳ ಮತ್ತು ಅದರ ಅಪಾಯ

ಒಂದಕ್ಕಿಂತ ಹೆಚ್ಚು ಬೆಕ್ಕಿರುವ 2,400ಕ್ಕೂ ಹೆಚ್ಚು ಮನೆಗಳಿಂದ ಮಾಹಿತಿ ಪಡೆದ ಅಮೆರಿಕದ ಸಮೀಕ್ಷೆಯೊಂದು 2020ರಲ್ಲಿ ಪ್ರಕಟವಾಯಿತು. ಸ್ನೇಹದ ವರ್ತನೆ ಜಗಳಕ್ಕಿಂತ ಹೆಚ್ಚು ಸಲ ಕಂಡಿತ್ತು, ಇದು ಸಮಾಧಾನದ ಸಂಗತಿ. ಜಗಳದ ಲಕ್ಷಣಗಳಲ್ಲಿ ಹೆಚ್ಚು ಸಲ ಕಂಡದ್ದು ಮಾತ್ರ ಕಚ್ಚಾಟವಲ್ಲ, ದಿಟ್ಟಿಸಿ ನೋಡುವುದು.

ಬಾಗಿಲಿಗೆ ಅಡ್ಡ ಮಲಗುವ ವಿಡಿಯೊವನ್ನು ಈ ಕಣ್ಣಿನಿಂದ ನೋಡಿ. ಆ ಬಾಗಿಲ ಆಚೆ ಊಟದ ತಟ್ಟೆ ಇದ್ದರೆ, ನೀರಿದ್ದರೆ, ಮಲಮೂತ್ರದ ಟ್ರೇ ಇದ್ದರೆ? ದಾಟಲು ಹೆದರುವ ಬೆಕ್ಕು ಮೂತ್ರ ಕಟ್ಟಿಕೊಂಡು ಕೂರುತ್ತದೆ, ಇಲ್ಲವೇ ಹಾಸಿಗೆಯ ಮೇಲೆ ಹೊಯ್ಯುತ್ತದೆ. ಆಗ ಬೈಗುಳ ತಿನ್ನುವುದೂ ಅದೇ. ಅಡ್ಡ ಮಲಗಿದ ಬೆಕ್ಕಿಗೆ ‘ಒಳ್ಳೆಯದು’ ಎಂಬ ಹೆಸರು.

ಬೆಕ್ಕುಗಳಲ್ಲಿ ಸೋಂಕಿಲ್ಲದೆಯೂ ಮೂತ್ರಕೋಶ ಊದಿಕೊಳ್ಳುವ ಒಂದು ಕಾಯಿಲೆಯಿದೆ. ಅದರಲ್ಲಿ ಒತ್ತಡದ ಪಾತ್ರ ದೊಡ್ಡದು. ಮನೆಯ ಇನ್ನೊಂದು ಬೆಕ್ಕಿನೊಡನೆ ಹೊಂದಿಕೆಯಿಲ್ಲದಿರುವುದೂ ಅಂಥ ಒತ್ತಡವೇ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು ಈ ಕಾಯಿಲೆಯ 46 ಬೆಕ್ಕುಗಳ ಮನೆಯ ವಾತಾವರಣ ಬದಲಿಸಿ ನೋಡಿದರು. ಮೂತ್ರದ ತೊಂದರೆ ಮತ್ತು ಹೆದರಿಕೆ ಎರಡೂ ತಗ್ಗಿದವು ಎಂದು 2006ರಲ್ಲಿ ವರದಿ ಮಾಡಿದರು. ಹೋಲಿಸಲು ಬೇರೊಂದು ಗುಂಪು ಇರಲಿಲ್ಲವಾದ್ದರಿಂದ ಇದನ್ನೇ ಕೊನೆಯ ಪುರಾವೆ ಎನ್ನಲಾಗದು. ಆದರೂ ಪಶುವೈದ್ಯರು ಇಂದು ಈ ದಾರಿಯನ್ನು ಚಿಕಿತ್ಸೆಯ ಭಾಗವಾಗಿಯೇ ಸೂಚಿಸುತ್ತಾರೆ.

ಗಂಡುಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು. ಅದರ ಮೂತ್ರನಾಳ ಬಹಳ ಕಿರಿದು. ಲೋಳೆ ಮತ್ತು ಹರಳು ಸೇರಿ ಅದು ಮುಚ್ಚಿಹೋದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಮೂತ್ರಪಿಂಡ ಕೈಕೊಟ್ಟು, ಒಂದೆರಡು ದಿನಗಳಲ್ಲಿ ಬೆಕ್ಕು ಸಾಯಬಹುದು. ಮತ್ತೆ ಮತ್ತೆ ಟ್ರೇಗೆ ಹೋಗುವುದು, ತಿಣುಕುವುದು, ಕೂಗುವುದು, ಹನಿ ಹನಿ ಬರುವುದು ಅಥವಾ ಬರದೇ ಇರುವುದು, ವಾಂತಿ ಇದರ ಲಕ್ಷಣಗಳು. ಇದನ್ನು ಮಲಬದ್ಧತೆ ಎಂದು ತಿಳಿದು ಎಣ್ಣೆ ಕುಡಿಸುತ್ತಾ ಕೂರಬೇಡಿ. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ, ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ.

ಮನೆಯಲ್ಲಿ ಏನು ಮಾಡಬಹುದು?

ಬೆಕ್ಕಿನ ವೈದ್ಯರ ಎರಡು ಸಂಘಟನೆಗಳು 2013ರಲ್ಲಿ ಹೊರತಂದ ಮಾರ್ಗಸೂಚಿಯ ಮುಖ್ಯ ಮಾತೊಂದು ಸರಳ: ಬೇಕಾದ ವಸ್ತುಗಳು ಒಂದಕ್ಕಿಂತ ಹೆಚ್ಚಿರಲಿ, ಬೇರೆ ಬೇರೆ ಕಡೆ ಇರಲಿ.

• ಎರಡು ತಟ್ಟೆಗಳನ್ನು ಪಕ್ಕಪಕ್ಕ ಇಡಬೇಡಿ. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಬೇರೆ ಕೋಣೆಯಲ್ಲಿ ಇರಲಿ. ಜೊತೆಯಾಗಿ ತಿನ್ನುವುದು ಸ್ನೇಹದ ಗುರುತಲ್ಲ, ಹಸಿವು ಹೆದರಿಕೆಯನ್ನು ಮೀರಿರಬಹುದು.
• ಟ್ರೇ ಎಷ್ಟಿರಬೇಕು? ಬೆಕ್ಕುಗಳ ಸಂಖ್ಯೆಗೆ ಒಂದು ಕೂಡಿಸಿ. ಎರಡು ಬೆಕ್ಕಿಗೆ ಮೂರು. ಹಳೆಯ ಪ್ಲಾಸ್ಟಿಕ್ ಟಬ್ಬಿಗೆ ಮರಳು ತುಂಬಿದರೂ ಸಾಕು. ಮೂರನ್ನೂ ಒಂದೇ ಮೂಲೆಯಲ್ಲಿಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ.
• ಬೆಕ್ಕುಗಳು ಹೊರಗೆ ಹೋಗಿ ಬರುವ ಮನೆಯಾದರೆ ಒಂದೇ ಕಿಟಕಿಯನ್ನು ನಂಬಬೇಡಿ, ಎರಡು ದಾರಿ ತೆರೆದಿಡಿ.
• ಎತ್ತರದ ಜಾಗ ಕೊಡಿ. ಕಪಾಟಿನ ಮೇಲೆ ಒಂದು ಗೋಣಿಚೀಲ, ಅಟ್ಟದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಸಾಕು.
• ಹೊಸ ಬೆಕ್ಕನ್ನು ತಂದ ದಿನವೇ ಹಳೆಯದರ ಮುಂದೆ ಬಿಡಬೇಡಿ. ಮೊದಲು ಬೇರೆ ಕೋಣೆ. ಆಮೇಲೆ ಒಂದು ಮಲಗಿದ ಬಟ್ಟೆ ಇನ್ನೊಂದರ ಬಳಿ. ಆಮೇಲೆ ಮುಚ್ಚಿದ ಬಾಗಿಲ ಎರಡು ಬದಿಯಲ್ಲಿ ಊಟ. ಕೊನೆಗೆ ಸ್ವಲ್ಪ ಸ್ವಲ್ಪ ಹೊತ್ತು ಮುಖಾಮುಖಿ. ಇದಕ್ಕೆ ವಾರಗಳೇ ಬೇಕಾಗಬಹುದು.
• ಜಗಳ ಬಿಡಿಸಲು ಕೈ ಹಾಕಬೇಡಿ. ನಡುವೆ ದಿಂಬು ಅಥವಾ ರಟ್ಟು ಅಡ್ಡ ಹಿಡಿಯಿರಿ. ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ.
• ಚೆನ್ನಾಗಿದ್ದ ಬೆಕ್ಕುಗಳು ಇದ್ದಕ್ಕಿದ್ದಂತೆ ಜಗಳಕ್ಕೆ ಬಿದ್ದರೆ ಒಂದಕ್ಕೆ ನೋವೋ ಕಾಯಿಲೆಯೋ ಇರಬಹುದು. ಮೊದಲು ವೈದ್ಯರಿಗೆ ತೋರಿಸಿ.

ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟು ಬಂದರೆ?

ನಮ್ಮಲ್ಲಿ ಎಷ್ಟೋ ಎರಡು ಬೆಕ್ಕಿನ ಕಥೆಗಳು ಮುಗಿಯುವುದು ಹೀಗೆಯೇ. ಹಾಸಿಗೆ ಮೇಲೆ ಹೊಯ್ದ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಮಾರುಕಟ್ಟೆಯ ಬಳಿಯೋ ಹೊಳೆಯಾಚೆಯೋ ಬಿಟ್ಟು ಬರುತ್ತಾರೆ. ‘ಬೆಕ್ಕು ಎಲ್ಲಿದ್ದರೂ ಬದುಕುತ್ತದೆ’ ಎಂಬ ಮಾತು ನಿಜವಲ್ಲ. ಮನೆಯೂಟಕ್ಕೆ ಒಗ್ಗಿದ ಬೆಕ್ಕು ಬೇರೆ ಬೆಕ್ಕುಗಳ ಸರಹದ್ದಿನ ನಡುವೆ ಬಿದ್ದು ಹಸಿವು, ನಾಯಿ, ವಾಹನಗಳಿಗೆ ಸಿಗುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ಬಿಟ್ಟುಬಿಡುವುದು ಅಪರಾಧ.

ಎಲ್ಲ ಪ್ರಯತ್ನ ಮಾಡಿದ ಮೇಲೂ ಕೆಲವು ಬೆಕ್ಕುಗಳು ಹೊಂದಿಕೊಳ್ಳುವುದಿಲ್ಲ. ಆಗ ಮನೆಯನ್ನೇ ಎರಡು ಭಾಗ ಮಾಡಿ ಸಾಕುವುದು ಅಥವಾ ಒಂದಕ್ಕೆ ಗೊತ್ತಿರುವ ಒಳ್ಳೆಯ ಮನೆ ಹುಡುಕುವುದು ಸರಿಯಾದ ದಾರಿ.

ಬೆಕ್ಕು ಸಾಕಿರುವವರು ನಿಮ್ಮ ಗುಂಪಿನಲ್ಲಿದ್ದರೆ ಈ ಲೇಖನದ ಒಂದು ಸಾಲನ್ನಾದರೂ ಕಳಿಸಿ: ಗಂಡುಬೆಕ್ಕು ಮೂತ್ರಕ್ಕೆ ತಿಣುಕುತ್ತಿದ್ದರೆ ನಾಳೆಗೆ ಕಾಯಬೇಡಿ, ಈಗಲೇ ಪಶುವೈದ್ಯರ ಬಳಿ ಕರೆದೊಯ್ಯಿರಿ.